ಲವೋನ್ ಸ್ಟೀರಿಂಗ್ ಹಿಡಿದದ್ದು

ಮರ್ಲ್ ಒಂದು ಕಡೆ ನಿಲ್ಲುವ ಗಂಡಸಲ್ಲ ಎಂದು ನಮ್ಮ ಬಯಲಿನಲ್ಲಿ ಎಲ್ಲರೂ ನಂಬಿದ್ದರು. ಕ್ವಾರ್ಟ್‌ಸೈಟ್ ಊರಾಚೆಯ ಈ ಮರುಭೂಮಿಯ ಜಲ್ಲಿನೆಲದಲ್ಲಿ ಚಳಿಗಾಲ ಕಳೆಯುವ ನಾವೆಲ್ಲ ಅಕ್ಟೋಬರಿನಲ್ಲಿ ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ಬಸ್ಸಿನಂಥ ಮನೆಗಾಡಿ ತಂದು ನಿಲ್ಲಿಸಿದರೆ ಏಪ್ರಿಲ್‌ನ ಬಿಸಿಲು ಅಟ್ಟುವವರೆಗೂ ಕದಲುವುದಿಲ್ಲ. ಮರ್ಲ್ ಮತ್ತು ಅವನ ಹೆಂಡತಿ ಲವೋನ್ ಮಾತ್ರ ವಾರ ತುಂಬುವ ಮೊದಲೇ ಹೊರಟುಬಿಡುತ್ತಿದ್ದರು. ಯೂಮಾಕ್ಕೆ, ಅಲ್ಲಿಂದ ಆಹೋಗೆ, ಬಿಸ್ಬಿಗೆ, ನ್ಯೂ ಮೆಕ್ಸಿಕೋದ ಡೆಮಿಂಗ್‌ಗೆ, ಮತ್ತೆ ತಿರುಗಿ ಇಲ್ಲಿಗೆ. ಯಾರಾದರೂ ಕೆಣಕಿದರೆ ಮರ್ಲ್ ಟೋಪಿ ಹಿಂದಕ್ಕೆ ಸರಿಸಿ, "ನನ್ ಹಣೆಬರಹ ಕಣಯ್ಯ, ಕೂತಲ್ಲಿ ಕೂರಕ್ಕಾಗಲ್ಲ. ಪಾಪ, ಇವ್ಳು ಸಹಿಸ್ಕೊಂಡಿದಾಳೆ" ಅನ್ನುತ್ತಿದ್ದ. ಲವೋನ್ ಅಷ್ಟು ಹೊತ್ತಿಗೆ ಹೊರಡಲೆಂದು ಗಾಡಿಯ ನೆರಳುಪರದೆ ಸುತ್ತುತ್ತಿರುತ್ತಿದ್ದಳು.

ಅವರ ಗಾಡಿ ನಿಲ್ಲುತ್ತಿದ್ದದ್ದು ನನ್ನ ಗಾಡಿಯ ಪಕ್ಕದಲ್ಲಿ. ನಾನು ಐಡಹೋದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬರುತ್ತೇನೆ. ಪಕ್ಕದಲ್ಲೇ ಇದ್ದದ್ದರಿಂದ ಸತ್ಯ ನನಗೆ ಬೇಗ ಗೊತ್ತಾಯಿತು. ನಿಲ್ಲಲಾರದವಳು ಲವೋನ್.

ಕ್ಯಾನ್ಸಸ್‌ನ ಒಂದು ಸಣ್ಣ ಊರಿನಲ್ಲಿ ಗೋಧಿ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಅವಳಿಗೆ ಕೆಲಸವಿತ್ತು. ಒಂದೇ ಕುರ್ಚಿ, ಒಂದೇ ಕಿಟಕಿ. ಲಾರಿಗಳು ಬಂದು ನಿಂತು ತೂಕ ಬರೆಸಿಕೊಂಡು ಹೋಗುತ್ತಿದ್ದವು. ಮದುವೆಯಾದದ್ದು, ಮಗಳನ್ನು ಹೆತ್ತದ್ದು, ಕೂದಲು ನೆರೆದದ್ದು ಎಲ್ಲ ಆ ಕುರ್ಚಿಯಲ್ಲಿ ಕೂತಿರುವಾಗಲೇ ನಡೆದುಹೋಯಿತು. ಮರ್ಲ್ ಊರಿನವರ ನೆಲಮಾಳಿಗೆಗಳಲ್ಲಿ ಮನೆ ಬೆಚ್ಚಗಿಡುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಇಬ್ಬರೂ ನಿವೃತ್ತರಾದಾಗ ಮನೆ ಮಾರಿ ಗಾಡಿ ಕೊಳ್ಳೋಣ ಅಂದವಳು ಲವೋನ್. ಅವನು ಹೂಂ ಅಂದ. ಅಂದಿನಿಂದ ಅವಳು ಹೇಳಿದ ಕಡೆಗೆಲ್ಲ ಅವನೇ ಓಡಿಸಿದ. ಅವಳು ಒಮ್ಮೆಯೂ ಸ್ಟೀರಿಂಗ್ ಮುಟ್ಟಿದವಳಲ್ಲ. ಆ ಗಾತ್ರ ಕಂಡರೆ ಅವಳಿಗೆ ಭಯ.

ಹೋದ ವರ್ಷದ ಚಳಿಗಾಲದಲ್ಲಿ ಮರ್ಲ್‌ಗೆ ನೆಟ್ಟಗಿನ ಗೆರೆಗಳೆಲ್ಲ ಸೊಟ್ಟಗೆ ಕಾಣತೊಡಗಿದವು. ಹೀಲಾ ಬೆಂಡ್ ಊರಿನ ಪೆಟ್ರೋಲ್ ಬಂಕಿನ ಕಂಬಕ್ಕೆ ಗಾಡಿಯ ಮೈ ಉಜ್ಜಿದ. ಕಣ್ಣಿನ ಡಾಕ್ಟರು ಇನ್ನು ಓಡಿಸಬೇಡ ಅಂದರು. ಬಯಲಿನ ಇನ್ನೊಬ್ಬ ಮುದುಕ ಅವರ ಗಾಡಿಯನ್ನು ಇಲ್ಲಿಗೆ ತಂದು ನಿಲ್ಲಿಸಿದ.

ಎಲ್ಲರೂ ಮರ್ಲ್‌ನನ್ನು ಸಂತೈಸಲು ಬಂದರು. ಅವನೋ ಒಳಗೊಳಗೇ ಹಿಗ್ಗಿದ್ದ. ಗಾಡಿಯ ಮುಂದೆ ಬಿಳಿ ಕಲ್ಲು ಜೋಡಿಸಿ ಅಂಗಳದ ಗಡಿ ಮಾಡಿದ. ಕುದುರೆಲಾಳ ಎಸೆಯುವ ಆಟಕ್ಕೆ ಸೇರಿಕೊಂಡ. ಗುರಿ ಮಸುಕಾಗಿ ಕಂಡರೂ ಬೇರೆಯವರಿಗಿಂತ ಹತ್ತಿರಕ್ಕೆ ಎಸೆದು, "ಕಣ್ಣಿದ್ದೋರು ಕಲೀರಿ" ಎಂದು ಛೇಡಿಸುತ್ತಿದ್ದ. ಬೆಳಿಗ್ಗೆ ಬೀನ್ಸ್ ಬೇಯಲು ಇಟ್ಟು ಮಧ್ಯಾಹ್ನದವರೆಗೆ ಅದರ ಮುಂದೆಯೇ ಕೂತಿರುತ್ತಿದ್ದ.

ಲವೋನ್ ನಡೆಯತೊಡಗಿದಳು. ಹೆದ್ದಾರಿಯವರೆಗೆ ಹೋಗಿ, ಬೇಲಿ ಹಿಡಿದು ಲಾರಿಗಳನ್ನು ನೋಡಿ ಬರುವಳು. ಬಂದು ನೀರು ಕುಡಿದು ಮತ್ತೆ ಹೊರಡುವಳು. ಊಟ ಸೇರುತ್ತಿರಲಿಲ್ಲ. ಒಂದೇ ಕಪಾಟನ್ನು ದಿನಾ ಬಿಚ್ಚಿ ಜೋಡಿಸುತ್ತಿದ್ದಳು. ಜನವರಿಯ ಕೊನೆಗೆ ನನ್ನ ಬಾಗಿಲಿಗೆ ಬಂದು, ಬಸ್ಸು ಓಡಿಸಿದವಳಲ್ಲವೇ, ತನಗೆ ಕಲಿಸುತ್ತೀಯಾ ಎಂದು ಕೇಳಿದಳು.

ಮರ್ಲ್ ಆಟಕ್ಕೆ ಹೋದ ಹೊತ್ತಿನಲ್ಲಿ, ಅವರ ಗಾಡಿಯನ್ನೇ ಒಣಗಿದ ಹಳ್ಳದಾಚೆಯ ಬಯಲಿಗೆ ಒಯ್ದು ಕಲಿಸಿದೆ. ಮೊದಲ ದಿನ ಅವಳು ಕೀಲಿ ಮುಟ್ಟಲೂ ಒಪ್ಪಲಿಲ್ಲ, ತಿರುಗಿಸಿದ್ದೇ ನಾನು. ತಿರುವಿನ ಗುರುತಿಗೆ ಇಟ್ಟಿದ್ದ ನೀರಿನ ಪೀಪಾಯಿಯನ್ನು ಎರಡು ಬಾರಿ ಬೀಳಿಸಿದಳು. ಹಿಂಭಾಗ ಎಲ್ಲಿದೆ ಅನ್ನುವುದು ಕನ್ನಡಿಯಲ್ಲಿ ತಿಳಿಯತೊಡಗಿದ ಮೇಲೆ ಅವಳ ಭುಜ ಸಡಿಲವಾಯಿತು. ಯಾಕಿಷ್ಟು ಹಟ ಎಂದು ಕೇಳಿದೆ.

"ನಿಂತ್ರೆ ಆ ಕಿಟಕಿ ಹಿಂದೆ ಕೂತಂಗೇ ಆಗುತ್ತೆ ಕಣೆ," ಅಂದಳು. "ಮೈಯೆಲ್ಲಾ ಇರುವೆ ಹರಿಯುತ್ತೆ. ಅವ್ನಿಗೆ ಹೆಂಗ್ ಹೇಳ್ಲಿ? ಪಾಪ, ಈಗ್ ತಾನೇ ನೆಮ್ಮದಿಯಾಗ್ ಕೂತಿದಾನೆ."

ಕೊನೆಗೊಂದು ದಿನ ಅವನಿಗೆ ಹೇಳಿದಳು. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ತಾನು ಓಡಿಸುವುದಾಗಿ, ನಾಳೆಯೇ ಆಹೋಗೆ ಹೊರಡುವುದಾಗಿ ಅವಳು ಹೇಳಿದಾಗ ಮರ್ಲ್ ಬೀನ್ಸ್ ಪಾತ್ರೆಯನ್ನು ಒಲೆಯಿಂದ ಇಳಿಸಿದ.

"ಇಷ್ಟು ವರ್ಷ ಊರೋರ್ ಮುಂದೆಲ್ಲಾ ನಾನೇ ತಿರುಬೋಕಿ ಅಂತ ಒಪ್ಕೊಂಡೆ," ಅಂದ. "ನಿನ್ ಹೆಸ್ರು ಕೆಡಬಾರ್ದು ಅಂತ. ಇನ್ನಾಗಲ್ಲ ಲವೋನ್. ಹೋಗೋದಾದ್ರೆ ನೀನ್ ಹೋಗು. ನಾನಿಲ್ಲೇ ಇಳೀತೀನಿ."

"ಗಾಡೀನೇ ಮನೆ ಅಲ್ವೇನೋ? ಎಲ್ಲಿಗ್ ಇಳೀತೀಯ?"

"ನೆಲಕ್ಕೆ."

ಮರುದಿನ ಅವನು ಮಡಿಸುವ ಕುರ್ಚಿ, ಮಾತ್ರೆಯ ಡಬ್ಬಿ, ಒಂದು ಕಂಬಳಿ ಇಳಿಸಿಕೊಂಡ. ತಡೆಯುವನೆಂದು ಅವಳು ಕಾದಳು, ಕರೆಯುವಳೆಂದು ಅವನು ಕಾದ. ಗಾಡಿ ನಿಧಾನವಾಗಿ ಬಿಳಿ ಕಲ್ಲುಗಳನ್ನು ಬಳಸಿ ಹೊರಟಿತು. ಮನೆ ಇದ್ದ ಜಾಗದಲ್ಲಿ ನೆರಳೂ ಇಲ್ಲದೆ ಮರ್ಲ್ ಕುರ್ಚಿ ಹಾಕಿ ಕೂತ. ನನ್ನ ಗಾಡಿಯ ಬೆಂಚಿನ ಮೇಲೆ ಮಲಗಲು ಕರೆದೆ. ಬಂದವನು ಯಾವ ವಾಹನದ ಸದ್ದಾದರೂ ಕತ್ತು ಎತ್ತುತ್ತಿದ್ದ.

ನಾಲ್ಕು ದಿನ ಕಳೆದು ಅವಳು ಬಂದಳು. ಗಾಡಿಗೆ ಒಂದು ಗೀರೂ ಇರಲಿಲ್ಲ. ಮೈ ಬಿಸಿಲಿಗೆ ಕೆಂಪಾಗಿತ್ತು, ಮುಖ ಎಷ್ಟೋ ಹಗುರವಾಗಿತ್ತು. ಆದರೆ ಮರ್ಲ್‌ನ ತೋಳು ಹಿಡಿದವಳು ಬಿಡಲಿಲ್ಲ. ದಾರಿಯುದ್ದಕ್ಕೂ ಪಕ್ಕದ ಸೀಟಿನ ಜೊತೆ ಮಾತಾಡಿದೆ ಎಂದು ಅವಳು ಹೇಳಿದಳು. ಸೀಟು ಏನಂತು ಎಂದು ಅವನು ಕೇಳಿದ.

ಆ ತಿಂಗಳೇ ಬಯಲು ಬಿಟ್ಟು ಹೋಗುತ್ತಿದ್ದವರೊಬ್ಬರಿಂದ ಹಳೆಯ ಪುಟ್ಟ ಟ್ರೇಲರ್ ಒಂದನ್ನು ಕೊಂಡು ಅವನಿಗೆಂದು ನಿಲ್ಲಿಸಿದರು. ಚಳಿಗಾಲವೆಲ್ಲ ಅವನು ಇಲ್ಲೇ ಇರುತ್ತಾನೆ. ಅವಳು ಹೋಗುತ್ತಾಳೆ, ಬರುತ್ತಾಳೆ. ಎರಡು ಒಲೆಯ ಸಂಸಾರ ಎಂದು ಬಯಲಿನ ಜನ ನಗುತ್ತಾರೆ.

ಈ ಫೆಬ್ರುವರಿಯಲ್ಲಿ ಅವಳು ಡೆಮಿಂಗ್‌ನಲ್ಲಿದ್ದಾಗ ಧೂಳಿನ ಗಾಳಿ ಬೀಸಿ ಟ್ರೇಲರಿನ ಚಾವಣಿಯ ತಗಡು ಹಾರಿತು. ಹಿಡಿಯಲು ಹೋದ ಮರ್ಲ್ ಬಿದ್ದು ಮಣಿಕಟ್ಟು ಮುರಿದುಕೊಂಡ. ನಾನು ಫೋನ್ ಮಾಡಿದೆ. ಮರುದಿನವೇ ಬಂದಳು. ಚಾವಣಿಗೆ ತಗಡು ತಾನೇ ಹೊಡೆದಳು, ಅವನಿಗೆ ಅಂಗಿ ತೊಡಿಸಿದಳು, ತಟ್ಟೆಯ ಮಾಂಸ ಕತ್ತರಿಸಿ ಕೊಟ್ಟಳು. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ನನ್ನ ಮುಂದೆ ಆಣೆ ಮಾಡಿದಳು. ಒಂದು ವಾರ ನಿಂತಳು, ಎರಡನೆಯದೂ ನಿಂತಳು. ಮೂರನೆಯ ವಾರ ಬೇಲಿಯ ಕಡೆ ನಡಿಗೆ ಶುರುವಾಯಿತು. ಕಪಾಟು ದಿನಾ ಬಿಚ್ಚಿಕೊಂಡಿತು.

ಮರ್ಲ್ ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ಅದನ್ನೆಲ್ಲ ನೋಡುತ್ತಿದ್ದ. ಒಂದು ಬೆಳಿಗ್ಗೆ ಗಾಡಿಯ ಕೀಲಿ ತಂದು ಅವಳ ಮಡಿಲಿಗೆ ಹಾಕಿದ.

"ಹೊರಡು ಮಾರಾಯ್ತಿ," ಅಂದ. "ನೀನ್ ಓಡಾಡೋದ್ ನೋಡಿ ನೋಡಿ ನಂಗೇ ಕಾಲ್ ನೋಯ್ತಿದೆ."

ಅವಳು ಅತ್ತಳು. ಅತ್ತು ಮುಗಿಸಿ ಎದ್ದು ಟೈರಿನ ಗಾಳಿ ನೋಡಲು ಹೋದಳು.