ಅಕ್ಕನ ಕಂಪ್ಯೂಟರಿಗೆ ಹೊಸ ಬೋರ್ಡು

ನನ್ನ ಹೆಂಡತಿಯ ತಮ್ಮನನ್ನು ಅವನ ಅಂಗಡಿ ಇರುವ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಹಾಗೇಇದೆ’ ಎನ್ನುತ್ತಾರೆ. ಕೆಟ್ಟ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಹಾಕಿ, ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಸ್ವಿಚ್ ಒತ್ತುತ್ತಾನೆ. ಪರದೆಯ ಮೇಲೆ ಹಳೆಯ ಫೋಟೊ, ಹಳೆಯ ಫೈಲುಗಳು ಇದ್ದಲ್ಲೇ ಕಾಣಿಸಿಕೊಂಡಾಗ ಅವನ ಬಾಯಿಂದ ಬರುವುದು ಒಂದೇ ಮಾತು: “ನೋಡಿ, ಎಲ್ಲಾ ಹಾಗೇ ಇದೆ.” ಆಗ ಅವನ ಮುಖದಲ್ಲಿ ಮದುವೆ ಗಂಡಿನ ಕಳೆ.

ಬೇರೆ ಅಂಗಡಿಯವರು ಬೋರ್ಡ್ ಹೋಯಿತು ಎಂದರೆ ಸಾಕು, ಎಲ್ಲ ಅಳಿಸಿ ಸಿಸ್ಟಮ್ ಹೊಸದಾಗಿ ಹಾಕಬೇಕು ಎಂದು ಕೈ ತೊಳೆದುಕೊಳ್ಳುತ್ತಾರೆ. ಇವನ ಪ್ರಕಾರ ಅದು ಮೈಗಳ್ಳರ ಕೆಲಸ. ಫೈಲುಗಳಿರುವ ಡಿಸ್ಕನ್ನು ಮುಟ್ಟದೆ, ಬೋರ್ಡನ್ನಷ್ಟೇ ಬದಲಿಸಿ, ಹಳೆಯ ಸಿಸ್ಟಮ್ ಹೊಸ ಬೋರ್ಡಿಗೆ ಹೊಂದಿಕೊಳ್ಳುವವರೆಗೂ ಜಪ ಮಾಡುವವನಂತೆ ಕಾಯುತ್ತಿದ್ದ. “ಗೋಡೆ ಬಿರುಕು ಬಿಡ್ತು ಅಂತ ಪಾತ್ರೆ ಪಗಡ ಬೀದಿಗೆ ಎಸೀತಾರಾ ಭಾವ?” ಎಂದು ನನ್ನನ್ನೇ ಕೇಳುತ್ತಿದ್ದ. ಬೋರ್ಡ್ ಬದಲಿಸುವ ಮೊದಲು ಒಂದು ಕಾಪಿ ಇಟ್ಟುಕೊಳ್ಳಬಾರದೇನೋ ಎಂದರೆ ಮುಖ ಉಬ್ಬಿಸುತ್ತಿದ್ದ. ಕಾಪಿ ತೆಗೆದರೆ ತನ್ನ ಕೈ ಮೇಲೆ ತನಗೇ ನಂಬಿಕೆ ಇಲ್ಲ ಎಂದು ಸಾರಿದಂತಂತೆ. ಜಂಭ ಎಂದರೆ ಅಷ್ಟಿಷ್ಟಲ್ಲ!

ಇನ್ನೊಂದು ಅಭ್ಯಾಸವಿತ್ತು. ಇವನು ತೆಗೆದ ಬೋರ್ಡುಗಳನ್ನು ಸರಿಮಾಡಿ ಬೇರೆಯವರಿಗೆ ಮಾರುತ್ತಾನೆ ಎಂದು ಯಾರೋ ಗುಲ್ಲೆಬ್ಬಿಸಿದ್ದರು. ಅಂದಿನಿಂದ ಹಳೆಯ ಬೋರ್ಡನ್ನು ಗಿರಾಕಿಯ ಕಣ್ಣೆದುರೇ ಮೇಜಿನ ಅಂಚಿಗೆ ಒತ್ತಿ ಎರಡು ತುಂಡು ಮಾಡುತ್ತಿದ್ದ. ಆದರೆ ಎಲ್ಲಾ ಹಾಗೇ ಇದೆ ಎಂದು ತೋರಿಸಿದ ಮೇಲಷ್ಟೇ. ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ.

ನನ್ನ ಹೆಂಡತಿ ಎಂಬ್ರಾಯ್ಡರಿ ಮಾಡುವವಳು. ಮಕ್ಕಳ ಫ್ರಾಕು, ಮೇಜಿನ ಹಾಸು, ದಿಂಬಿನ ಚೀಲ ಯಾವುದೇ ಇರಲಿ, ಎಲೆ, ಬಳ್ಳಿ, ಹಕ್ಕಿಗಳನ್ನು ಕಂಪ್ಯೂಟರಿನಲ್ಲಿ ತಾನೇ ಬಿಡಿಸಿ, ದಾರ ಯಾವ ಕಡೆ ವಾಲಬೇಕು ಎಂಬುದನ್ನೂ ಗುರುತು ಮಾಡಿ ಮಿಷನ್ನಿಗೆ ಕೊಡುತ್ತಿದ್ದಳು. ಈಚೆಗೆ ಅವಳ ಕೈ ನಡುಗಲು ಶುರುವಾಯಿತು. ಹೊಸದನ್ನು ಬಿಡಿಸುವುದು ನಿಂತಿತು, ಕಂಪ್ಯೂಟರಿನಲ್ಲಿ ಮೊದಲೇ ಬಿಡಿಸಿಟ್ಟಿದ್ದವನ್ನೇ ಮಿಷನ್ನಿನಲ್ಲಿ ಹೊಲಿಸುತ್ತಿದ್ದಳು. ಆದರೂ ಎದೆಗುಂದಲಿಲ್ಲ. “ನನ್ನ ಕೈ ನಡುಗಿದ್ರೇನು, ಅದರೊಳಗಿರೋ ಕೈ ನಡುಗಲ್ಲ” ಎಂದು ಕಂಪ್ಯೂಟರ್ ತೋರಿಸಿ ನಗುತ್ತಿದ್ದಳು. ರಿಪೇರಿಗೆ ಸ್ವಂತ ತಮ್ಮನೇ ಇರುವಾಗ ಕಾಪಿ ಗೀಪಿ ಯಾಕೆ ಎಂಬುದು ಅವಳ ವಾದವೂ ಆಗಿತ್ತು.

ಆ ಕಂಪ್ಯೂಟರ್ ಆನ್ ಆದ ಸ್ವಲ್ಪ ಹೊತ್ತಿಗೇ ತಾನಾಗಿ ಆಫ್ ಆಗತೊಡಗಿತು. ತಮ್ಮ ಬಂದ, ನೋಡಿದ, ಬೋರ್ಡ್ ಎಂದ. ಮರುದಿನವೇ ಹೊಸ ಬೋರ್ಡ್ ತಂದು, ನಮ್ಮ ಊಟದ ಮೇಜಿನ ಮೇಲೆ ಹಳೆಯದನ್ನು ಬಿಚ್ಚಿದ. ಇವಳು ಸುಮ್ಮನಿರಲಾರದೆ ಕಾಲೆಳೆದಳು.

“ಏನೋ, ನನ್ನ ಬೋರ್ಡ್ ಯಾರಿಗೆ ಮಾರ್ತೀಯೋ?”

“ಅಕ್ಕನಿಗೂ ಅನುಮಾನವಾ? ತಗೋ!” ಎಂದವನೇ ಲಟಕ್ಕನೆ ಮುರಿದ. ಮೂವರೂ ನಕ್ಕೆವು.

ಆಮೇಲೆ ಹೊಸ ಬೋರ್ಡ್ ಕೂರಿಸಿ ಸ್ವಿಚ್ ಒತ್ತಿದ. ಪರದೆ ನೀಲಿಯಾಗಿ, ಉದ್ದನೆಯ ಬೀಗದ ಸಂಖ್ಯೆಯೊಂದನ್ನು ಕೇಳಿತು. ಅವನ ಮುಖದ ಮೇಲಿನ ನಗು ಹಾಗೇ ನಿಂತುಬಿಟ್ಟಿತು.

ಅವನು ತಡೆ ತಡೆದು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಈಗಿನ ಕಂಪ್ಯೂಟರುಗಳಲ್ಲಿ ಕೆಲವು ಯಾರನ್ನೂ ಕೇಳದೆ ಡಿಸ್ಕಿಗೆ ಬೀಗ ಹಾಕಿಕೊಂಡಿರುತ್ತವೆ. ಕೀಲಿ ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್‌ನೊಳಗೆ. ಬೋರ್ಡ್ ಬದಲಿಸುವ ಮೊದಲು ಆ ಬೀಗ ತೆಗೆಯಬೇಕು. ಮರೆತರೂ ಚಿಂತೆಯಿಲ್ಲ, ಹಳೆಯದನ್ನೇ ಮತ್ತೆ ಜೋಡಿಸಿ ತೆಗೆಯಬಹುದು. ಹಳೆಯದು ಒಂದಿಷ್ಟು ಹೊತ್ತಾದರೂ ಓಡುತ್ತಿತ್ತಲ್ಲ! ಈಗ ಅದು ಎರಡು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ಕೀಲಿಯ ಇನ್ನೊಂದು ಪ್ರತಿ, ಕಂಪ್ಯೂಟರ್ ಹೊಸದರಲ್ಲಿ ಅವನೇ ತೆರೆದುಕೊಟ್ಟ ಮೇಲ್ ಖಾತೆಯಲ್ಲಿ ಇದ್ದಿರಬೇಕು. ಬಳಸದೆ ಬಿಟ್ಟ ಆ ಖಾತೆ ಎಂದೋ ಮುಚ್ಚಿಹೋಗಿತ್ತು.

ತುಂಡುಗಳನ್ನು ಜೋಡಿಸಲು ಹೆಣಗಿದ, ಗೊತ್ತಿದ್ದವರ ಕೈಕಾಲು ಹಿಡಿದ. ಎಲ್ಲರೂ ಕೈ ಚೆಲ್ಲಿದರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಒಂದು ವಾರ ಅವನ ಮುಖ ನೋಡಲಿಲ್ಲ. ಸಿಟ್ಟು ಇಳಿದ ಮೇಲೆ ಒಂದು ಹೊಳೆಯಿತು. ಬೇರೆ ಯಾರದೇ ಆಗಿದ್ದರೂ ಅವನು ಕ್ರಮ ತಪ್ಪುತ್ತಿರಲಿಲ್ಲ. ಅಕ್ಕನದೆಂಬ ಸಲಿಗೆಯೇ ಮುಳುವಾಯಿತು. ಇವಳು ಮಾತ್ರ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ, ಬಂದ ಗಿರಾಕಿಗಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು.

ಸ್ವಲ್ಪ ದಿನಗಳ ಮೇಲೆ ಅವನು ಬಗಲಲ್ಲಿ ಒಂದು ಹಳೆಯ ಫ್ರಾಕು ಇಟ್ಟುಕೊಂಡು ಬಂದ. ಇವಳು ಹೊಲಿದದ್ದೇ, ಯಾರದೋ ಮನೆಯಿಂದ ಕೇಳಿ ತಂದಿದ್ದ. ಬೋರ್ಡುಗಳ ಸಣ್ಣ ಗೆರೆ ನೋಡುವ ಭೂತಗನ್ನಡಿ ಹಿಡಿದು, ಅದರ ಮೇಲಿನ ಬಳ್ಳಿಯನ್ನು ಒಂದೊಂದೇ ಹೊಲಿಗೆ ನೋಡಿ ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಬಿಡಿಸಿದ್ದನಂತೆ. ಹೀಗೇ ಒಂದೊಂದಾಗಿ ಎಲ್ಲವನ್ನೂ ಮರಳಿ ಮಾಡುತ್ತೇನೆ ಎಂದ. ನಿದ್ದೆಗೆಟ್ಟು ಕಣ್ಣುಗಳು ಕೆಂಡದಂತಾಗಿದ್ದವು. ಇವಳು ಎದ್ದು ಮಿಷನ್ನಿನ ಬಟ್ಟೆ ಸರಿಸಿದಳು.

ಅವನು ಬಿಡಿಸಿದ್ದರಂತೆ ಮಿಷನ್ನಿನಲ್ಲಿ ಹೊಲಿದು ಬಂದ ಎಲೆಗಳನ್ನು ನೋಡಿದೆ. ದಾರವೆಲ್ಲ ಒಂದೇ ಕಡೆ ವಾಲಿತ್ತು. ಎಲೆಗೆ ಉಬ್ಬಿಲ್ಲ, ಬಳ್ಳಿಗೆ ಬಳುಕಿಲ್ಲ. ನನ್ನಂಥ ಗಾಂಪನಿಗೂ ಗೊತ್ತಾಗುವಂತಿತ್ತು. ಕೆಲಸ ಕಲಿಯಲು ಬರುವ ಹುಡುಗಿಯರು ಹೀಗೆ ಮಾಡಿದ್ದರೆ ಇವಳು ಬಟ್ಟೆಯನ್ನು ಮುಖಕ್ಕೇ ಎಸೆದು, ಬಿಚ್ಚೇ ಇದನ್ನ ಎಂದು ಗದರುತ್ತಿದ್ದಳು.

ಇವಳು ಬಟ್ಟೆಯ ಮೇಲೆ ಕೈಯಾಡಿಸಿದಳು.

“ಚೆನ್ನಾಗಿದೆ ಕಣೋ” ಎಂದಳು. “ಸಾಕು, ಹೋಗಿ ಮಲಕ್ಕೋ.”

ಅವನು ಫ್ರಾಕನ್ನು ಮಡಿಸಿಕೊಂಡ. ಬೀದಿಯ ತಿರುವಿನವರೆಗೆ ನಾನೂ ಜೊತೆಗೆ ನಡೆದೆ.

“ಅಕ್ಕ ಹಾಗನ್ನಬಾರದಿತ್ತು ಭಾವ” ಎಂದ. “ಬೈದಿದ್ರೆ ನಾಳೆ ಇನ್ನೊಂದು ಬಿಡಿಸ್ತಿದ್ದೆ.”