ಸಂಜೆಯ ಗಂಟೆಯ ತನಕ

ನನ್ನ ಜೊತೆಯ ಮಾಸ್ತರರ ಬಲಗೈಯ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡವನಲ್ಲ. ಕಿರುಬೆರಳಿನಿಂದ ಹೊರಟು ಒಂದೊಂದೇ ಬೆರಳನ್ನು ಮುಟ್ಟುತ್ತ ತೋರುಬೆರಳಿಗೆ ಬಂದು, ಅಂಗೈಗೆ ಇಳಿದು, ಮತ್ತೆ ಕಿರುಬೆರಳಿಗೆ ಹೋಗುತ್ತಿತ್ತು. ಐದು ಶೀಲಗಳಿಗೆ ಐದು ಜಾಗ: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆಯಿಲ್ಲ, ಸುಳ್ಳಿಲ್ಲ, ಕುಡಿತವಿಲ್ಲ.

ತೊಂಬತ್ತರ ದಶಕದಲ್ಲಿ ಸವದತ್ತಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಮಾಸ್ತರರು. ನನ್ನದು ಗಣಿತ. ಅವರದು ಇತಿಹಾಸ, ಜೊತೆಗೆ ಯಾರಿಗೂ ಬೇಡವಾದ ನೀತಿಪಾಠ. ಮನೋಳಿಯ ಬೌದ್ಧ ಮನೆತನದವರು. ಅವರು ಬರುವ ತನಕ ಶಾಲೆಯ ನೀತಿಯ ಭಾರವನ್ನೆಲ್ಲ ನನ್ನ ಬೆತ್ತವೇ ಹೊತ್ತಿತ್ತು. ಅದು ಒಂದು ದಿನವೂ ರಜೆ ಕೇಳಿರಲಿಲ್ಲ.

ಅವರು ಮಕ್ಕಳಿಗೆ ಸುಳ್ಳು ಹೇಳಬೇಡಿ ಎನ್ನುತ್ತಿರಲಿಲ್ಲ. "ಸಂಜಿ ಗಂಟಿ ಹೊಡಿಯೂತನಾ ನಾ ಸುಳ್ಳು ಹೇಳೂದಿಲ್ಲ" ಎಂದು ತಾವೇ ಮೊದಲು ಹೇಳಿ, ಮನಸ್ಸಿದ್ದವರು ಹೇಳಲಿ ಎಂದು ಕಾಯುತ್ತಿದ್ದರು.

"ಗಂಟಿ ಹೊಡದ ಮ್ಯಾಲೆ ಹೇಳಬಹುದೇನ್ರಿ?" ಎಂದು ನಾನು ಚುಚ್ಚಿದೆ.

"ನಾಳೆ ಮತ್ತ ಸಾಲಿ ಐತೆಲ್ರಿ, ಮಾಸ್ತರ."

ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಓಡಿಬಂದು ಹಿಂದಿನ ಬೆಂಚಿನ ಕೆಳಗೆ ಸೇರಿಕೊಂಡಳು. ಗೊತ್ತಾಗಿದ್ದ ಮದುವೆಯನ್ನು ಬೆಳಿಗ್ಗೆ ಒಲ್ಲೆ ಎಂದಿದ್ದಳಂತೆ. ನೀರು ತರುತ್ತೇನೆಂದು ಅಪ್ಪನಿಗೆ ಹೇಳಿ ಬಂದಿದ್ದಳು. ಹಿಂದೆಯೇ ಅಪ್ಪ ಬಂದ, ಕೈಯಲ್ಲಿ ಕುಡಗೋಲು. ಹೆಡ್ ಮಾಸ್ತರರು ಊರಲ್ಲಿರಲಿಲ್ಲ. ಹಿರಿತನದ ಗೌರವಾರ್ಥ ಬಾಗಿಲಲ್ಲಿ ನಿಲ್ಲುವ ಭಾಗ್ಯ ನನಗೆ ಬಂತು.

"ನನ್ನ ಮಗಳೆಲ್ಲಿ?"

"ಇವತ್ತ ಬಂದೇ ಇಲ್ರಿ."

ಅವನು ಬಾಗಿಲ ಬಳಿಯ ಚಪ್ಪಲಿಗಳ ರಾಶಿಯನ್ನು ನೋಡಿದ. "ಈ ನೀಲಿ ಚಪ್ಪಲ್ ನಾನ ಕೊಡಿಸಿದ್ದು. ನನಗ ಸುಳ್ಳ ಹೇಳತಿಯೇನು?"

ಕುಡಗೋಲು ಮೇಲೆದ್ದಿತು. ಬೇಕಾದ ಎರಡನೆಯ ಸುಳ್ಳು ನನಗೆ ಹುಟ್ಟಲಿಲ್ಲ.

ಅವರು ಬಂದು ನಡುವೆ ನಿಂತರು. "ಅದಾಳ್ರಿ. ಒಳಗ ಅದಾಳ. ಆದ್ರ ಇವತ್ತ ನಿಮ್ಮ ಕೂಡ ಕಳಸೂದಿಲ್ಲ. ಕುಂದರ್ರಿ, ಮಾತಾಡೂಣು."

ನನಗೆ ಕಂಡದ್ದು ಅವರ ಬೆನ್ನು. ಅಂಗಿ ಪೂರಾ ಒದ್ದೆಯಾಗಿತ್ತು. ಹೆಬ್ಬೆರಳು ತೋರುಬೆರಳನ್ನೇ, ಸುಳ್ಳಿಲ್ಲ ಎಂಬ ಜಾಗವನ್ನೇ, ಮತ್ತೆ ಮತ್ತೆ ಒತ್ತುತ್ತಿತ್ತು. ಮಗಳು ಎಲ್ಲಿದ್ದಾಳೆಂದು ಆ ದಿನ ಅಪ್ಪನಿಗೆ ನಿಜ ಹೇಳಿದವರು ಅವರೊಬ್ಬರೇ. ಅವನು ಕುಡಗೋಲು ಕೆಳಗಿಡಲಿಲ್ಲ, ಆದರೆ ಮೆಟ್ಟಿಲ ಮೇಲೆ ಕೂತ. ಸಂಜೆಯ ಗಂಟೆಯ ಹೊತ್ತಿಗೆ, ಹತ್ತನೆಯದು ಮುಗಿಯುವ ತನಕ ಮದುವೆಯ ಮಾತಿಲ್ಲ ಎಂದು ಒಪ್ಪಿದ.

ಅವನು ಹೋದ ಮೇಲೆ ಕೇಳಿದೆ: "ನಿಮಗ ಅಂಜಿಕಿ ಬರಲಿಲ್ಲೇನ್ರಿ?"

"ಜೀವಾನ ಹೋಗಿತ್ರಿ. ಅಂಜಬಾರದಂತ ಆ ಐದರಾಗ ಎಲ್ಲೈತ್ರಿ?"

ಮರುದಿನದಿಂದ ನನ್ನ ಬೆತ್ತ ಕಪಾಟು ಸೇರಿತು. ಹುಡುಗಿ ಹತ್ತನೆಯದು ಪಾಸಾದಳು.

ನಿವೃತ್ತಿಗೆ ಮೊದಲೇ ಅವರು ತೀರಿಕೊಂಡರು. ಮನೋಳಿಯ ಅವರ ಮನೆಯಂಗಳದಲ್ಲಿ ಬಂಧುಗಳು ಪಂಚಶೀಲ ಹೇಳುವಾಗ ನಾನು ಹಿಂದೆ ನಿಂತಿದ್ದೆ. ಅವರ ಕೈ ಅಂದು ಸುಮ್ಮನಿತ್ತು. ನನ್ನ ಹೆಬ್ಬೆರಳು ಕಿರುಬೆರಳಿನಿಂದ ಹೊರಟು ತೋರುಬೆರಳಿಗೆ ಬಂದು ನಿಂತಿತು. ಅಂಜುತ್ತಲೇ, ಸಂಜೆಯ ಗಂಟೆಯ ತನಕ ಸುಳ್ಳಿಲ್ಲ ಎಂದು ಹೇಳಿಕೊಂಡೆ.

ಅಲ್ಲಿ ಗಂಟೆ ಹೊಡೆಯುವವರು ಯಾರೂ ಇರಲಿಲ್ಲ.