ರತ್ನತ್ತೆ ಬರೋ ಹರಿಗೋಲಿಗೆ ಟಾರ್ಪಾಲು

ಕೆಂಗೇರಿ ಕಡೆ ಮನೆ ಅಂದ್ರೆ ಈಗ ಎಲ್ಲರೂ ಸೈಟ್ ರೇಟ್ ಕೇಳ್ತಾರೆ. ಎಪ್ಪತ್ತರ ದಶಕದಲ್ಲಿ ಕೇಳ್ತಿದ್ದಿದ್ದೇ ಬೇರೆ, "ಕೆರೆಗೆ ನೀರು ಬಂತಾ?" ಅಂತ. ಆ ವರ್ಷ ಬಂದಿತ್ತು. ಬೆಳಿಗ್ಗೆ ಜಗಲಿ ಮೇಲೆ ಕೂತ್ರೆ ಆಕಾಶ ಯಾವುದು, ನೀರು ಯಾವುದು ಗೊತ್ತಾಗ್ತಿರಲಿಲ್ಲ. ಹಸಿ ಜೊಂಡಿನ ವಾಸನೆ ಅಡುಗೆಮನೆ ತನಕ ಬರೋದು.

ಅಪ್ಪನ ತಂಗಿ ರತ್ನತ್ತೆನ ಆಚೆ ದಡದ ಊರಿಗೆ ಕೊಟ್ಟಿದ್ರು. ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೆ ಕರ್ಕೊಂಡು ಬರ್ಬೇಕು. ಆದ್ರೆ ಒಂದ್ಸಲ ರಕ್ತ ಕಂಡಿತ್ತು, ಡಾಕ್ಟರಮ್ಮ ಅಲುಗಾಡಿಸ್ಲೇಬೇಡಿ ಅಂದಿದ್ರು. ಗಾಡಿ ದಾರಿ ಬರೀ ಗುಂಡಿ. ಉಳಿದಿದ್ದು ನೀರು. ತಾತನ ಹರಿಗೋಲು ಕೊಟ್ಟಿಗೇಲಿತ್ತು. ಬಿದಿರಿನ ಬುಟ್ಟಿ ಗಟ್ಟಿ, ಹೊದಿಸಿದ್ದ ಚರ್ಮ ಮಾತ್ರ ಇಲಿ ತಿಂದು ಜರಡಿ.

ಹೊಸ ಹೊದಿಕೆ ಎಲ್ಲಿಂದ ತರೋದು? ಮುದ್ದೆ ಉಪ್ಸಾರಿನ ಮುಂದೆ ಜಗಳ ಶುರು.

"ಹದ ಮಾಡೋರ ಹತ್ರ ಎಮ್ಮೆ ಚರ್ಮ ತರ್ತೀನಿ," ಅಂದ್ರು ತಾತ.

"ಬಸುರಿನ ಎಮ್ಮೆ ಚರ್ಮದ ಮೇಲೆ ಕೂರಿಸ್ತೀರಾ? ಯಮನ ಸವಾರಿನಾ?" ಅಜ್ಜಿ ಸೌಟು ಕುಕ್ಕಿದಳು.

"ನಿನ್ನ ದಿಬ್ಬಣ ಬಂದಿದ್ದೂ ಅದರಲ್ಲೇ ಕಣೇ."

"ಅದಕ್ಕೇ ನನ್ನ ಬಾಳು ಹಿಂಗಾಗಿರೋದು!"

ಚಿಕ್ಕಪ್ಪ ಮೆಲ್ಲಗೆ, "ಕಾಮಾಕ್ಷಿಪಾಳ್ಯದಲ್ಲಿ ಲಾರಿಗೆ ಟಾರ್ಪಾಲು ಹೊಲಿಯೋರು ಇದಾರಪ್ಪ," ಅಂದ.

"ಲಾರಿ ಯಾವತ್ತೋ ಕೆರೇಲಿ ತೇಲಿದ್ದು?" ಅಂದ್ರು ತಾತ.

ಅಜ್ಜಿ ಟಾರ್ಪಾಲು ಅಂದಳು. ಮುಗೀತು.

ಚಿಕ್ಕಪ್ಪ ನನ್ನೂ ಕರ್ಕೊಂಡು ಹೋದ. ಅಂಗಡಿ ತುಂಬಾ ಮೇಣದ ವಾಸನೆ. "ಯಾವ ಲಾರಿಗೆ ಸಾರ್?" ಅಂದ ಅಂಗಡಿಯೋನು. "ನಮ್ಮತ್ತೆಗೆ," ಅಂದೆ ನಾನು. ಚಿಕ್ಕಪ್ಪ ತಲೆ ಮೇಲೊಂದು ಮೊಟಕಿದ. ಪಕ್ಕದಲ್ಲೇ ಒಂದು ಡಬ್ಬ ಡಾಂಬರೂ ತಗೊಂಡ್ವಿ.

ತಾತಂಗೆ ಆ ಬಟ್ಟೆ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹೊರಗೆ ಬಳಿಯೋ ಡಾಂಬರನ್ನ ಒಳಗೂ ಬಳಿದುಬಿಟ್ರು. ಮೋಡದ ದಿನಗಳು ಬೇರೆ.

ಅತ್ತೆನ ಕರೆಯೋಕೆ ತಾತನ ಜೊತೆ ನಾನೂ ಹೋದೆ, ಹರಿಗೋಲು ವಾಲದ ಹಾಗೆ ಎದುರು ಭಾರಕ್ಕೆ. ವಾಪಸ್ ಬರ್ತಾ ಗಾಳಿ ಇರಲಿಲ್ಲ. ಹರಿಗೋಲು ನಿಧಾನಕ್ಕೆ ಸುತ್ತುತಾ ಇತ್ತು. ನಮ್ಮ ಮನೆ, ಜೊಂಡು, ಅತ್ತೆ ಊರಿನ ಹೊಗೆ, ಮತ್ತೆ ನಮ್ಮ ಮನೆ. ಒಂದು ಹನಿ ನೀರೂ ಒಳಗೆ ಬರಲಿಲ್ಲ. ಅತ್ತೆ ಹೊಟ್ಟೆ ಮೇಲೆ ಕೈಯಿಟ್ಕೊಂಡು ನಿದ್ದೆ ಹೋಗಿದ್ದಳು. ತಾತ ಬಿದಿರು ಗಳ ಹಾಕ್ತಾ ಉಸಿರೂ ಮೆಲ್ಲಗೆ ಬಿಡ್ತಿದ್ರು.

ದಡ ಬಂತು. ಅತ್ತೆ ಏಳೋಕೆ ಹೋದ್ರೆ ಆಗ್ತಿಲ್ಲ. ಹಸಿ ಡಾಂಬರಿಗೆ ಸೀರೆ ಅಂಟಿಕೊಂಡುಬಿಟ್ಟಿದೆ!

"ಎಳೀಬೇಡ್ರೋ!" ಅಂತ ಅಜ್ಜಿ ಓಡಿ ಬಂದಳು. ಅಮ್ಮ ಕಂಬಳಿ ಅಡ್ಡ ಹಿಡಿದಳು. ಅಜ್ಜಿ ಕತ್ತರಿ ಹಾಕಿ ಮಗಳನ್ನ ಬಿಡಿಸಿಕೊಂಡಳು.

"ಚರ್ಮ ಆಗಿದ್ರೆ…" ಅಂದ್ರು ತಾತ.

"ಬಾಯ್ ಬಿಟ್ರೆ ಅಲ್ಲಿಗೂ ಬಳೀತೀನಿ."

ಅತ್ತೆ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ರೆ ಎಲ್ಲರಿಗೂ ಗಾಬರಿ. ಏನೂ ಆಗಲಿಲ್ಲ. ಮಗು ತುಂಬಿದ ತಿಂಗಳಲ್ಲೇ ಹುಟ್ಟಿತು, ಗುಂಡುಗುಂಡಗೆ.

ಮೊನ್ನೆ ಅತ್ತೆ ಮೊಮ್ಮಗಳನ್ನ ಅದೇ ಆಚೆ ದಡದಿಂದ ನಮ್ಮನೆಗೇ ಬಾಣಂತನಕ್ಕೆ ಕರ್ಕೊಂಡು ಬಂದ್ವಿ, ಕಾರಲ್ಲಿ. ಹಂಪ್ ಬಂದಾಗೆಲ್ಲ ಹುಡುಗಿ ಸೀಟು ಗಟ್ಟಿಯಾಗಿ ಹಿಡ್ಕೊಳ್ಳೋಳು. ಎರಡೂ ಕಡೆ ಅಪಾರ್ಟ್‌ಮೆಂಟು. ಒಂದು ಸಿಗ್ನಲ್ಲಲ್ಲಿ ಅತ್ತೆ ಕಿಟಕಿ ಇಳಿಸಿ, ರಸ್ತೆ ಕಡೆ ಬಗ್ಗಿ ನೋಡಿದಳು.

"ಇಲ್ಲಿ ಗಳ ಇಳಿಸಿದ್ರೆ ತಳ ಸಿಗ್ತಿರಲಿಲ್ಲ ಕಣೇ," ಅಂದಳು.